ಚಿಕ್ಕಮ್ಮನ ಎಡಗಣ್ಣಿನ ಹಳದಿ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಮ್ಮ ಚಿಕ್ಕಮ್ಮನದು ಬಣ್ಣ ಹೊಂದಿಸುವ ಕೆಲಸವಾಗಿತ್ತು. ಗಿರಾಕಿ ಕಳಿಸಿದ ತುಂಡನ್ನೂ ಹೊಸದಾಗಿ ಅದ್ದಿದ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ, ಎಡಗಣ್ಣಲ್ಲೇ ನೋಡಿ ‘ಹೂಂ’ ಅಂದರೆ ಮುಗಿಯಿತು. ಕೆಲಸ ಬಿಟ್ಟು ವರ್ಷಗಳಾದರೂ ಒಂದು ಕಣ್ಣು ಮುಚ್ಚುವ ಚಾಳಿ ಬಿಟ್ಟಿರಲಿಲ್ಲ. ತರಕಾರಿಯವಳು ಮೊದಮೊದಲು ತಪ್ಪು ತಿಳಿದಿದ್ದಳಂತೆ.

ಜೀವಮಾನವಿಡೀ ಬೇರೆಯವರು ಕೇಳಿದ ಬಣ್ಣ ಕೊಟ್ಟವಳಿಗೆ ಈಗ ತನ್ನದೇ ಒಂದು ಚಿತ್ರ ಬರೆಯುವ ಆಸೆ. ಬಣ್ಣದ ವಾಸನೆ ಮಾತ್ರ ಬೇಡವಂತೆ, ಅದಕ್ಕೇ ಲ್ಯಾಪ್‌ಟಾಪ್. ಬಸ್ಸು ಓಡಿಸಿ ನಿವೃತ್ತನಾದ ಚಿಕ್ಕಪ್ಪನಿಗೆ ಅದರಲ್ಲಿ ಸಿನಿಮಾ ನೋಡಬೇಕು. ಪರದೆ ದೊಡ್ಡದಿರಬೇಕು, ಸದ್ದು ಜೋರಿರಬೇಕು. ನೋಡುವುದು ಮಾತ್ರ ಅರ್ಧ, ಉಳಿದರ್ಧ ಗೊರಕೆ.

ಅಂಗಡಿಯಲ್ಲಿ ಚಿಕ್ಕಮ್ಮ ಬಲಗಣ್ಣು ಮುಚ್ಚಿ ಮೊದಲನೆಯದನ್ನು ನೋಡಿದಳು. ‘ಇದು ಹಳದಿ.’ ಮುಂದಿನದನ್ನು ನೋಡಿದಳು. ‘ಇದೂ ಹಳದಿ.’ ಪರದೆಯ ಮೇಲೆ ಪೆನ್ನಲ್ಲಿ ಬರೆಯುವಂಥದ್ದನ್ನೂ ತೆಗೆಸಿದ್ದಾಯಿತು. ಅದೂ ಹಳದಿ.

‘ಅಮ್ಮಾ, ಇದಕ್ಕಿಂತ ಬಿಳಿ ಬೇಕಂದ್ರೆ ಗೋಡೆಗೆ ಸುಣ್ಣ ಹೊಡೀಬೇಕಷ್ಟೆ’ ಎಂದ ಅಂಗಡಿಯವನು.

ಚಿಕ್ಕಪ್ಪ ಸುಮ್ಮನಿರಬೇಕೋ ಬೇಡವೋ? ‘ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ’ ಎಂದು ನಕ್ಕ.

ಚಿಕ್ಕಮ್ಮ ಅವನನ್ನು ದುರುಗುಟ್ಟಿ ನೋಡಿದಳು. ದುರುಗುಟ್ಟಲು ಎರಡೂ ಕಣ್ಣು ಬೇಕಲ್ಲ! ಆ ನೋಟ ಹಾಗೇ ಪರದೆಯ ಕಡೆ ತಿರುಗಿ ನಿಂತುಬಿಟ್ಟಿತು. ಎಡಗಣ್ಣು ಮುಚ್ಚಿದಳು, ಹಾಲಿನ ಬಿಳಿ. ಬಲಗಣ್ಣು ಮುಚ್ಚಿದಳು, ಹಳೇ ಕಾಗದದ ಹಳದಿ.

ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ‘ರೀ, ಹಾಳಾಗಿರೋದು ನನ್ನ ಕಣ್ಣು ಕಣ್ರೀ.’

ನಾನು ಬಗ್ಗಿ ಅವಳ ಭುಜ ಹಿಡಿದುಕೊಂಡೆ. ಚಿಕ್ಕಪ್ಪ ಪೆನ್ನಿನ ಲ್ಯಾಪ್‌ಟಾಪನ್ನೇ ಕಟ್ಟಿಸಿದ. ಅದರ ಪರದೆ ಚಿಕ್ಕದು, ಸದ್ದೂ ಕಮ್ಮಿ.

ಕಣ್ಣಿನ ಡಾಕ್ಟರು ನೋಡಿ, ಎಡಗಣ್ಣಿಗೆ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಸದ್ಯ, ಬದುಕಿದೆವು ಎಂದುಕೊಂಡೆ. ಆದರೆ ಚಿಕ್ಕಮ್ಮ ‘ಸ್ವಲ್ಪ ದಿನ ಬಿಟ್ಟು ಮಾಡಿ’ ಎಂದಳು! ನನಗೆ ಸಿಟ್ಟು ನೆತ್ತಿಗೇರಿತು.

‘ಬೈಬೇಡ್ವೇ’ ಎಂದಳು. ‘ಎಷ್ಟು ಥರದ ಹಳದಿ ಹೊಂದಿಸಿದೀನಿ, ಇದನ್ನ ಯಾವ ಗಿರಾಕೀನೂ ಕೇಳಿಲ್ಲ. ಪೊರೆ ತೆಗೆದ್ಮೇಲೆ ನಂಗೂ ಸಿಗಲ್ಲ.’

ಮಧ್ಯಾಹ್ನಗಳಲ್ಲಿ ಮನೆ ನಿದ್ದೆಗಣ್ಣಲ್ಲಿರುವಾಗ ಅವಳು ಬರೆಯುತ್ತಿದ್ದಳು. ಎಡಗಣ್ಣಲ್ಲಿ ನೋಡುವುದು, ಬಲಗಣ್ಣಲ್ಲಿ ಲ್ಯಾಪ್‌ಟಾಪಿನ ಮೇಲೆ ಅದೇ ಬಣ್ಣ ಬೆರೆಸುವುದು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು, ಕಿಟಕಿಯ ಪರದೆಯ ಅಂಚು ಏಳುತ್ತ ಇಳಿಯುತ್ತ ಇತ್ತು. ಅವಳ ಪಕ್ಕ ಕುಳಿತರೆ ನನಗೂ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ, ಯಾವುದೋ ಹಳೆಯ ಸಂಜೆಯೊಳಗೆ ತೇಲಿದಂತಿರುತ್ತಿತ್ತು. ಸಿನಿಮಾ ಇಲ್ಲದ ಚಿಕ್ಕಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದ.

ಆಪರೇಷನ್ನಿನ ಹಿಂದಿನ ದಿನ ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಕಿಟಕಿ, ಕುರ್ಚಿ, ಬನಿಯನ್ನು ತೊಟ್ಟ ಮುದಿ ಡ್ರೈವರ್. ಬೋಳುತಲೆಯಿಂದ ಕಾಲ್ಬೆರಳವರೆಗೂ ಜೇನಿನ ಬಣ್ಣ.

ಚಿಕ್ಕಪ್ಪ ಬಹಳ ಹೊತ್ತು ನೋಡಿದ. ‘ಏನೇ ಇದು, ನಾನು ನಿಂಗೆ ಹಿಂಗೆ ಕಾಣ್ತಿದ್ನಾ?’

‘ಹೂಂ ರೀ. ನಾಳೆ ಬೆಳಿಗ್ಗೆವರೆಗೂ ಹಿಂಗೇ ಕಾಣ್ತೀರ.’

ಚಿಕ್ಕಪ್ಪ ಬನಿಯನ್ನು ಸರಿಮಾಡಿಕೊಂಡು, ಕುರ್ಚಿ ಎಳೆದುಕೊಂಡು ಬಂದು, ಅವಳ ಎಡಗಡೆಗೆ ಕುಳಿತ.