ಕುಬಸದ ಕುರ್ಚಿಯಲ್ಲಿ ನಮ್ಮತ್ತೆ

ಗೆಳತಿಯರೇ, ಇವತ್ತು ಯರಗಟ್ಟಿಯ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಇದ್ದದ್ದು ನನಗೆ; ಉಡಿ ತುಂಬಿಸಿಕೊಂಡವರು ನಮ್ಮತ್ತೆ.

ನಾನು ಏಳು ತಿಂಗಳ ಬಸುರಿ. ಒಂದೇ ಕಡೆ ಬಹಳ ಹೊತ್ತು ಕೂರಬೇಡ, ನಡುನಡುವೆ ಎದ್ದು ಓಡಾಡು ಎಂದು ಬೆಳಗಾವಿಯಲ್ಲಿ ನನ್ನ ಬೆನ್ನು ನೋಡುವ ಕೈರೋಪ್ರಾಕ್ಟರ್ ಡಾಕ್ಟರಮ್ಮ ಹೇಳಿದ್ದಾರೆ. ಆದರೆ ಅಲಂಕರಿಸಿದ ಕುರ್ಚಿಯ ಮುಂದೆ ಓಣಿಯ ಹೆಂಗಸರ ಸಾಲು ಕರಗುತ್ತಲೇ ಇರಲಿಲ್ಲ. ಬೆನ್ನು ಸಿಡಿಯತೊಡಗಿತು. ಎದ್ದುಬಿಟ್ಟೆ.

“ಕುಬಸದ ಕುರ್ಚಿ ಖಾಲಿ ಬಿಡಬಾರ್ದವಾ, ಕುಂದರ!” ಎಂದು ಎದುರುಮನೆಯ ಗಂಗವ್ವಾಯಿ ಗದರಿದರು.

“ಖಾಲಿ ಬಿಡಬಾರ್ದು, ಅಷ್ಟ ಹೌದಲ್ಲ?” ಎಂದ ನಮ್ಮತ್ತೆ, ನನ್ನ ತಲೆಯ ಹೂವಿನ ದಂಡೆ ತೆಗೆದು ತಾವೇ ಮುಡಿದು ಕುಳಿತುಬಿಟ್ಟರು. “ನನಗ ತುಂಬ್ರಿ, ಆಕಿಗೆ ನಾ ಮುಟ್ಟಸ್ತೇನಿ. ನೀ ಅಡ್ಡಾಡಿ ಬಾ ಹೋಗವಾ.”

ಹೆಂಗಸರು ಬಿದ್ದುಬಿದ್ದು ನಗುತ್ತಲೇ ಅವರಿಗೆ ಉಡಿ ತುಂಬಿದರು. ನಾನು ಹಿತ್ತಲಲ್ಲಿ ಅಡ್ಡಾಡಿ ಬಂದರೂ ಅತ್ತೆ ಏಳಲಿಲ್ಲ. ಕುರ್ಚಿ ರುಚಿಸಿತೇನೋ ಅಂದುಕೊಂಡೆ.

ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: “ಏಳಾಕ ಬರವಲ್ದವಾ. ನಿನ್ನ ಗಂಡನ್ನ ಹಡದಾಗಿಂದ ಟೊಂಕ ಹಿಂಗ ಹಿಡಕೊಂತೈತಿ.”

“ಮತ್ತ ಯಾರಿಗೂ ಹೇಳಿಲ್ಲೇನ್ರಿ ಅತ್ತಿ?”

“ಯಾರ ಕೇಳ್ಯಾರ?”

ನನ್ನ ನಗು ಅಲ್ಲೇ ನಿಂತಿತು. ಕೈ ಹಿಡಿದು ಮೆಲ್ಲಗೆ ಎಬ್ಬಿಸಿದೆ.

ನಾಳೆ ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೊರಟಿದ್ದೇವೆ. ಗಾಡಿ ಓಡಿಸಲು ನನ್ನ ಗಂಡನೇ ಬರಬೇಕೆಂದು ಹೇಳಿದ್ದೇನೆ. ಇಬ್ಬರ ಬೆನ್ನುನೋವಿಗೂ ಕಾರಣ ಅವನೊಬ್ಬನೇ ತಾನೆ!