ಕಾಂಪೌಂಡರ್ ತಾತನ ದನಿಯಲ್ಲಿ ಒಂದು ಮಂಡಿ ಬೆಲ್ಟು

'ನಾನೇ ಬಳಸಿ ನೋಡಿದ್ದೇನೆ, ಲಿಂಕ್ ಕೆಳಗಿದೆ' ಎಂದು ಯಾರಾದರೂ ಬರೆದಿದ್ದು ಕಂಡರೆ ನನಗೆ ಮೈ ಉರಿಯುತ್ತದೆ. ಬಳಸಿದ್ದೀಯೇನೋ ಕಳ್ಳ, ಎಂದು ಪರದೆಗೇ ಬೈಯುತ್ತೇನೆ. ಬೈಯಲು ನನಗೆ ಉಳಿದವರಿಗಿಂತ ಹೆಚ್ಚು ಹಕ್ಕಿದೆ. ಆ ಕಳ್ಳರಲ್ಲಿ ನಾನೂ ಒಬ್ಬನಾಗಿದ್ದೆ. ಅದೂ ಸ್ವಂತ ದನಿಯಲ್ಲಿ ಸುಳ್ಳು ಹೇಳುವ ಧೈರ್ಯವಿಲ್ಲದ ಕಳ್ಳ.

ಹಾಡುಗಳು ಬ್ಲೂಟೂತಿನಲ್ಲಿ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ದಾಟುತ್ತಿದ್ದ ಕಾಲ. ಹೊಸೂರಿನ ಕಾರ್ಖಾನೆಯಲ್ಲಿ ನನಗೆ ಸೆಕೆಂಡ್ ಶಿಫ್ಟು. ಬೆಳಗ್ಗೆಲ್ಲ ಬಸ್‌ಸ್ಟ್ಯಾಂಡಿನ ಬಳಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಪುಕ್ಕಟೆ ಸಿಕ್ಕ ನನ್ನ ವೆಬ್‌ಸೈಟಿಗೆ ಮಿಮಿಕ್ರಿ ಏರಿಸುತ್ತಿದ್ದೆ. ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಲಾರಿಯವನಿಗೆ ಮೂರು ಭಾಷೆಯಲ್ಲಿ ಬೀಳುವ ಬೈಗುಳ, ನಮ್ಮ ಸೂಪರ್‌ವೈಸರನ ಇಂಗ್ಲಿಷು, ಅವನ ಮುಂದೆ ರಜೆ ಕೇಳುವಾಗ ಕೀಚಲಾಗುವ ನನ್ನದೇ ದನಿ.

ಒಂದು ದಿನ ಒಂದು ಕಂಪನಿಯ ಮೇಲ್ ಬಂತು. ಮಂಡಿನೋವಿಗೆ ಮ್ಯಾಗ್ನೆಟ್ ಬೆಲ್ಟು. ನಮ್ಮ ಲಿಂಕನ್ನು ನಿಮ್ಮ ಸೈಟಿನಲ್ಲಿ ಹಾಕಿ, ಅದನ್ನು ಒತ್ತಿ ಯಾರು ಕೊಂಡರೂ ನಿಮಗೆ ಕಮಿಷನ್. ಬೆಲ್ಟನ್ನು ಕಣ್ಣಿಂದಲೂ ಕಾಣದೆ 'ಅದ್ಭುತ' ಎಂದು ಬರೆದು ಹಾಕಿದೆ. ಒಬ್ಬರೂ ಒತ್ತಲಿಲ್ಲ. ಊರನ್ನೆಲ್ಲ ಆಡಿಕೊಳ್ಳುವವನ ಮಾತನ್ನು ಯಾರು ನಂಬುತ್ತಾರೆ? ನಂಬುವಂಥ ದನಿಯೊಂದನ್ನು ಕದ್ದೆ.

ಉದ್ದನಪಲ್ಲಿಯ ನಮ್ಮ ಬೀದಿಯಲ್ಲೇ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದ ತಾತ ಇದ್ದರು. ಯಾರ ಮನೆಯ ಹಸು ಒದ್ದರೂ ಅವರನ್ನೇ ಕರೆಯುವುದು. ಕೆಚ್ಚಲಿಗೆ ಕೈಯಿಟ್ಟು, ಕಣ್ಣು ಮುಚ್ಚಿ, ಗಂಟಲು ಕೆರೆದು, "ನಾನೇ ಮುಟ್ ನೋಡಿವ್ನಿ ಕಣವ್ವಾ" ಎಂದರೆ ಮುಗಿಯಿತು. ಈ ಹಾಲು ಡೇರಿಗೆ ಬೇಡ ಎಂದರೆ ಯಾರೂ ಹಾಕುತ್ತಿರಲಿಲ್ಲ.

ನಾನೂ ಗಂಟಲು ಕೆರೆದು, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಸೈಟಿಗೆ ಏರಿಸಿದೆ. "ನಾನೇ ಕಟ್ ನೋಡಿವ್ನಿ ಕಣವ್ವಾ. ಈಗ ಅಟ್ಟದ ಏಣಿ ಹತ್ತುತೀನಿ."

ಕ್ಲಿಪ್ಪು ಮೊಬೈಲಿಂದ ಮೊಬೈಲಿಗೆ ಹಾರಿತು. ಕಾರ್ಖಾನೆಯ ಹುಡುಗರು ಅಮ್ಮಂದಿರಿಗೆಂದು ಬ್ರೌಸಿಂಗ್ ಸೆಂಟರಿನಲ್ಲಿ ನನ್ನ ಪಕ್ಕದಲ್ಲೇ ಕೂತು ಲಿಂಕ್ ಒತ್ತಿಸಿಕೊಂಡರು. ಬೆಲ್ಟುಗಳು ಪೋಸ್ಟಿನಲ್ಲಿ ಬಂದವು; ಕಮಿಷನ್ನಿನ ಸುದ್ದಿಯೂ ಊರಿಗೆ ಮುಟ್ಟಿತು. ಆ ಮ್ಯಾಗ್ನೆಟ್ಟಿಗೆ ಗುಂಡುಸೂಜಿಯೂ ಅಂಟುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಒಂದು ಬೆಳಗ್ಗೆ ತಾತ ನಮ್ಮ ಬಾಗಿಲಿಗೇ ಬಂದರು.

"ಏನ್ಲಾ, ನಮ್ಮನೇವ್ಳು ಪಂಚೆ ಎತ್ತು, ಬೆಲ್ಟ್ ತೋರ್ಸು ಅಂತವ್ಳೆ! ನನ್ ಮಂಡಿ ಇಷ್ಟ್ ನೋಯ್ತಿದ್ರೂ ನೀನೊಬ್ನೇ ಕಟ್ಕಂಡಿದ್ದೀಯಾ ಅಂತ ಅಳ್ತವ್ಳೆ."

ನಗು ಬಂತು. ತಡೆದುಕೊಂಡೆ. "ತಮಾಷೆಗೆ ಮಾಡ್ದೆ ತಾತ."

"ತಮಾಷೆಗೆ ಕಮಿಷನ್ ಕೊಡ್ತಾರೇನ್ಲಾ?" ಅವರು ಜಗುಲಿಯ ಮೇಲೆ ಕೂತರು. "ನೆನ್ನೆ ಮೂಲೆಮನೆಯವ್ಳ ಹಸೂಗೆ ಕೆಚ್ಚಲು ಬಾತಿತ್ತು. ಹಾಲು ಡೇರಿಗೆ ಹಾಕ್ಬ್ಯಾಡ, ಡಾಕ್ಟ್ರನ್ ಕರ್ಸು ಅಂದೆ. 'ಇದ್ರಾಗೆ ನಿಂಗೆಷ್ಟು ಕಮಿಷನ್ ತಾತ?' ಅಂದ್ಳು. ನಗ್ತಾನೇ ಅಂದ್ಳು. ಹಾಲು ತಗಂಡೋಗಿ ಹಾಕ್ಬುಟ್ಳು."

ನನ್ನ ನಗು ಅಲ್ಲಿಗೆ ಸತ್ತಿತು.

"ನಾಳೆ ಡೇರಿ ಹತ್ರ ಬಾ. ಎಲ್ಲಾರ್ ಮುಂದೆ ನಿನ್ ಬಾಯಲ್ಲಿ ನೀನೇ ಯೇಳು."

ಹೋದೆ. ಕ್ಯಾನು ಹಿಡಿದ ಹೆಂಗಸರು ಸಾಲುಗಟ್ಟಿದ್ದರು. ತಾತ ಕಂಬಕ್ಕೆ ಒರಗಿ ನಿಂತರು. ಆ ದನಿ ನನ್ನದು, ತಾತ ಬೆಲ್ಟನ್ನು ನೋಡೇ ಇಲ್ಲ, ನಾನೂ ನೋಡಿಲ್ಲ, ಕಮಿಷನ್ ಆಸೆಗೆ ಮಾಡಿದೆ, ತಪ್ಪಾಯಿತು ಎಂದು ಹೇಳಿ ತಲೆ ತಗ್ಗಿಸಿದೆ.

ಮೂಲೆಮನೆಯ ಅಕ್ಕ ಕಿಸಕ್ಕನೆ ನಕ್ಕಳು. "ಇದ್ಯಾರ ವಾಯ್ಸ್ ಲಾ? ನಿಮ್ಮಪ್ಪಂದಾ?"

ಸಾಲಿಗೆ ಸಾಲೇ ನಕ್ಕಿತು.

"ನಂದೇ ಕಣಕ್ಕಾ! ನನ್ ದನೀನೇ!" ಕಿರುಚಿದೆ.

"ಕ್ವಾಪ ಬಂದಂಗೆ ಎಷ್ಟ್ ಚೆಂದ ಮಾಡ್ತವ್ನೆ ನೋಡೇ!" ಹಿಂದಿನಿಂದ ಇನ್ನೊಬ್ಬಳು. "ಕಾಂಪೌಂಡ್ರುದು ಮಾಡ್ಲಾ ಒಂದ್ಸಲ!"

ತಾತ ಕಂಬ ಬಿಟ್ಟು ಮನೆ ಕಡೆ ನಡೆದರು. ನನಗೆ ಆ ಕ್ಯಾನುಗಳನ್ನೆಲ್ಲ ಒದೆಯುವಷ್ಟು ಸಿಟ್ಟು ಬಂತು. ಆದರೆ ಯಾರ ಮೇಲೆ? ಆ ಹೆಂಗಸರಿಗೆ ನನ್ನ ನಿಜವಾದ ದನಿಯನ್ನು ನಾನೇ ಯಾವತ್ತೂ ಕೇಳಿಸಿರಲಿಲ್ಲ.

ಸೆಂಟರಿಗೆ ಓಡಿ ಕ್ಲಿಪ್ಪು, ಲಿಂಕು ಎರಡೂ ಅಳಿಸಿದೆ. ಕೊಂಡವರ ಹಣ ವಾಪಸು ಕೊಡಿ, ಇಲ್ಲವಾದರೆ ನಿಮ್ಮ ಮಾನ ಕಳೆಯುತ್ತೇನೆ ಎಂದು ಕಂಪನಿಗೆ ಬರೆದೆ. ಮರುನಿಮಿಷವೇ ಉತ್ತರ: ಅಭಿನಂದನೆಗಳು, ಈ ತಿಂಗಳು ನೀವು ನಮ್ಮ ಉತ್ತಮ ಪಾಲುದಾರರು. ಯಂತ್ರ ಕಳಿಸಿದ ಉತ್ತರ. ಬೈಯಲು ಅಲ್ಲೊಂದು ಮುಖವೂ ಇರಲಿಲ್ಲ. ಮೊಬೈಲುಗಳಲ್ಲಿ ಕೂತ ತಾತ ಮಾತ್ರ ಏಣಿ ಹತ್ತುತ್ತಲೇ ಇದ್ದರು.

ವಾರದ ನಂತರ ಮೂಲೆಮನೆಯ ಹಸು ಕರುವನ್ನೂ ಹತ್ತಿರ ಸೇರಿಸದಾಯಿತು. ಕರೆದರೋ ಇಲ್ಲವೋ, ತಾತ ಹೋದರು. ನಾನು ಬೇಲಿಯಾಚೆ ನಿಂತಿದ್ದೆ. ಅವರು ಕೆಚ್ಚಲು ಮುಟ್ಟಲಿಲ್ಲ. ಆ ಅಕ್ಕನ ಕೈ ಹಿಡಿದು ಅದರ ಮೇಲಿಟ್ಟರು.

"ನೀನೇ ಮುಟ್ ನೋಡ್ಕೋ. ಬಿಸಿ ಐತಾ? ಗಟ್ಟಿ ಐತಾ?"

ಅವಳು ಸರಕ್ಕನೆ ಕೈ ಹಿಂದೆಗೆದುಕೊಂಡು, ಕ್ಯಾನಿನ ಹಾಲನ್ನು ಮಣ್ಣಿಗೆ ಚೆಲ್ಲಿ, ಡಾಕ್ಟರನ್ನು ಕರೆತರಲು ಮಗನನ್ನು ಓಡಿಸಿದಳು. ಆಮೇಲೆ ತಾತ ಯಾವ ಮನೆಯಲ್ಲೂ 'ನಾನೇ' ಎನ್ನಲಿಲ್ಲ; ಪ್ರತಿಯೊಬ್ಬಳ ಕೈಯನ್ನೂ ಹಾಗೇ ಹಿಡಿದು ಇಡುತ್ತಿದ್ದರು.

ಈಗಲೂ ಊರಿಗೆ ಹೋದರೆ "ಕಾಂಪೌಂಡ್ರುದು ಮಾಡ್ಲಾ" ಎಂದು ಗಂಟು ಬೀಳುತ್ತಾರೆ. "ಆ ದನಿ ಈಗ ಬರಲ್ಲ ಕಣಕ್ಕಾ" ಅಂತೀನಿ. ಅದೂ ಸುಳ್ಳೇ. ಬರುತ್ತದೆ.