ಕುಂಕುಮದ ಕೆಳಗಿನ ಹಿತ್ತಾಳೆ

ಆ ಕುಂಕುಮ ನಾನು ದೇವರಿಗೆಂದು ಇಟ್ಟದ್ದಲ್ಲ. ಒಳಗೊಳಗೇ ಸತ್ತುಹೋಗಿದ್ದ ಹಿತ್ತಾಳೆ ಯಾರ ಕಣ್ಣಿಗೂ ಬೀಳಬಾರದೆಂದು ಇಟ್ಟದ್ದು. ತಿಳಿಯದೆ ಮಾಡಿದ್ದಲ್ಲ, ತಿಳಿದೇ ಮಾಡಿದ್ದು. ಅದರಿಂದ ಮೂರು ಜೀವ ಸಮುದ್ರದ ಪಾಲಾಗಲಿಕ್ಕಿತ್ತು — ನನ್ನದೊಂದು, ನನ್ನನ್ನು ನಂಬಿ ದೋಣಿ ಹತ್ತಿದ ಬಸಣ್ಣನದೊಂದು, ಅವರ ಮಗಳು ಗೀತಾಳದೊಂದು. ಹೇಗೋ ಉಳಿದೆವು. ಉಳಿದ ಮೇಲೆ ಆ ತಪ್ಪನ್ನು ಬಸಣ್ಣನ ಕೈಗೆ ಹಚ್ಚಿದೆ. ಇಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡು ತಿರುಗಿದರು. ನಾನು ದಿನಾ ಬೆಳಿಗ್ಗೆ ಅವರಿಗೆ ಕಾಫಿ ಕೊಟ್ಟೆ.

ನಾನು ಪುಣೆ ಕ್ಯಾಂಪಿನಲ್ಲಿ ಹೋಟೆಲು ನಡೆಸುವವ. ಊರು ಕಾರ್ಕಳದ ಕಡೆ; ಅಲ್ಲಿಂದ ಸಮುದ್ರ ನೋಡಬೇಕೆಂದರೆ ಬಸ್ಸು ಹಿಡಿಯಬೇಕು. ಚಿಕ್ಕವನಿದ್ದಾಗ ಒಮ್ಮೆ ಮಲ್ಪೆಯಲ್ಲಿ ಮೊಣಕಾಲು ತನಕ ಇಳಿದು, ಕಾಲಡಿಯ ಮರಳು ಜಾರಿದ್ದಕ್ಕೆ ಹೋ ಎಂದು ಅಳುತ್ತಾ ಓಡಿಬಂದವ ನಾನು. ಈಜು ಬಾರದು. ಪುಣೆಯಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ? ಘಟ್ಟದ ಕೆಳಗಿನ ಶೆಟ್ಟಿ ಎಂದರೆ ಮುಗಿಯಿತು — ಮೀನು ತಿನ್ನುವವ, ಸಮುದ್ರ ಬಲ್ಲವ. ನಾನೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಚೆನ್ನಾಗಿ ರೈಲು ಬಿಡುತ್ತಿದ್ದೆ. ಗಾಳಿ ಹೀಗೆ ಬಂದರೆ ಹಾಗೆ, ಅಲೆ ಹಾಗೆ ಎದ್ದರೆ ಹೀಗೆ...

ಆ ರೈಲನ್ನು ನಂಬಿದವರು ಬಸಣ್ಣ. ಕಲಬುರ್ಗಿ ಕಡೆಯಿಂದ ಕಟ್ಟಡದ ಕೂಲಿಗೆ ಬಂದು, ಆಮೇಲೆ ತಾರಸಿ ಸೋರದ ಹಾಗೆ ಮಾಡುವ ಕಂತ್ರಾಟು ಹಿಡಿದವರು. ವಿಮಾನ ನಗರದ ಎಷ್ಟೋ ಕಟ್ಟಡಗಳ ತಾರಸಿ ಅವರ ಕೈಯದ್ದು. "ನಾ ಮುಟ್ಟಿದ್ದು ಒಂದ ಹನಿ ಸೋರಂಗಿಲ್ರಿ" — ಅವರಿಗಿದ್ದ ಜಂಬ ಅದೊಂದೇ. ಖಡಕ್‌ವಾಸ್ಲಾ ಅಣೆಕಟ್ಟಿನ ನೀರಿನ ಮೇಲೆ ಒಂದು ಹಾಯಿದೋಣಿ ಸದ್ದಿಲ್ಲದೆ ಹೋಗುವುದನ್ನು ನೋಡಿಬಂದ ದಿನದಿಂದ ಅವರಿಗೆ ಹುಚ್ಚು ಹಿಡಿಯಿತು. "ಶೆಟ್ಟರ, ನೀವು ಸಮುದ್ರದ ಮಂದಿ ಅದೀರಿ. ನೀವು ಹ್ಞೂಂ ಅಂದ್ರ ಒಂದು ಹಳೇದು ತಗೊಳ್ಳೂಣು." ನನಗೆ ಈಜಲಿಕ್ಕೂ ಬಾರದು ಮಾರಾಯ್ರೆ ಎನ್ನಬೇಕಿತ್ತು. ಹ್ಞೂಂ ಎಂದೆ. ಇಬ್ಬರೂ ಸೇರಿ ಕೊಂಡೆವು.

ದೋಣಿ ಬಹಳ ಹಳೆಯದು. ಫೈಬರಿನ ಒಡಲು, ಒಂದೇ ಕಂಬ, ಎರಡು ಹಾಯಿ, ಒಳಗೆ ನಾಲ್ವರು ಮಲಗುವಷ್ಟು ಜಾಗ, ಪುಟ್ಟದೊಂದು ಅಡಿಗೆಕಟ್ಟೆ. ಕರಾವಳಿಯುದ್ದಕ್ಕೂ ದಿನಗಟ್ಟಲೆ ಹೋಗಲಿಕ್ಕೆಂದೇ ಮಾಡಿದ್ದು. ಅದು ಇದ್ದದ್ದು ತಾಮ್ಹಿಣಿ ಘಾಟು ಇಳಿದ ಮೇಲೆ ಸಿಗುವ ಕೊಂಕಣದ ಒಂದು ಹಿನ್ನೀರಿನ ದಡದಲ್ಲಿ. ಮಾರಿದವರು ಮುಂಬೈಯ ವೃದ್ಧರೊಬ್ಬರು. ಬಸಣ್ಣ ಮೇಲೆ ಕಂಬ ತಟ್ಟಿ ನೋಡುತ್ತಿದ್ದಾಗ ಅವರು ನನ್ನನ್ನು ಒಳಗೆ ಕರೆದು ನೆಲದ ಹಲಗೆ ಎತ್ತಿ ತೋರಿಸಿದರು. ದೋಣಿಯ ತಳದಲ್ಲಿ ಮೂರು ತೂತು — ಅಡಿಗೆಕಟ್ಟೆಯ ನೀರು ಹೋಗಲಿಕ್ಕೊಂದು, ಪಾಯಿಖಾನೆಗೊಂದು, ಎಂಜಿನು ತಣ್ಣಗಾಗಲಿಕ್ಕೊಂದು. ಒಂದೊಂದಕ್ಕೂ ಹಿತ್ತಾಳೆಯ ವಾಲ್ವು, ಪಕ್ಕದಲ್ಲೇ ದಾರದಲ್ಲಿ ಕಟ್ಟಿದ ಮರದ ಬೆಣೆ; ವಾಲ್ವು ಮುರಿದರೆ ತೂತಿಗೆ ಬೆಣೆ ಹೊಡೆಯಬೇಕು. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: ವರ್ಷಕ್ಕೊಮ್ಮೆ ತಿಕ್ಕಿ ನೋಡು, ಹಳದಿ ಇದ್ದರೆ ಜೀವ ಇದೆ, ತಾಮ್ರದ ಹಾಗೆ ಕೆಂಪಾಗಿದ್ದರೆ ಉಪ್ಪುನೀರು ಅದನ್ನು ತಿಂದುಬಿಟ್ಟಿದೆ, ಕೂಡಲೇ ಬದಲಾಯಿಸು. ನಾನು ದೊಡ್ಡದಾಗಿ ತಲೆ ಆಡಿಸಿದೆ. ಕೇಳಿಸಿಕೊಂಡವ ನಾನೊಬ್ಬನೇ.

ಆಮೇಲೆ ಮಳೆಗಾಲದ ತನಕ, ದೋಣಿ ನೀರಿನಲ್ಲೇ ಇರುವಾಗ, ಭಾನುವಾರ ಭಾನುವಾರ ದುರಸ್ತಿ. ಬಸಣ್ಣ ಕಿಟಕಿಯ ಸಂದು, ಮೇಲ್ಹಾಸಿನ ಬಿರುಕು ಒಂದೊಂದನ್ನೂ ತಮ್ಮ ತಾರಸಿಗಳ ಹಾಗೆ ಮುಚ್ಚಿದರು. ಗೀತಾ ಆಫೀಸಿಗೆ ರಜೆ ಹಾಕಿ ಹಾಯಿ ಕಟ್ಟುವುದು, ದೋಣಿ ನಡೆಸುವುದು ಕಲಿತಳು. "ತಳದ್ದು ನೀವ ನೋಡ್ರಿ ಶೆಟ್ಟರ" ಎಂದು ನನಗೆ ಬಿಟ್ಟರು. ಆ ಹಲಗೆಯ ಕೆಳಗೆ ಕತ್ತಲೆ. ಕೈ ಇಟ್ಟರೆ ಆ ಕಡೆ ಸಮುದ್ರ — ನಡುವೆ ಬೆರಳಿನಷ್ಟು ದಪ್ಪದ ಗೋಡೆ. ಒಳಗೆ ಕೈ ಹಾಕುವ ಧೈರ್ಯ ನನಗೆ ಬರಲಿಲ್ಲ. ಪ್ರತಿ ಸಲ ಹಲಗೆ ಎತ್ತಿ, ಟಾರ್ಚು ಬಿಟ್ಟ ಹಾಗೆ ಮಾಡಿ, "ಗಟ್ಟಿ ಉಂಟು" ಎನ್ನುತ್ತಿದ್ದೆ.

ದಸರೆ ಬಂತು. ಮಳೆಗಾಲವಿಡೀ ದಡದ ಮೇಲಿದ್ದ ದೋಣಿಯನ್ನು ಪೂಜೆ ಮಾಡಿ ನೀರಿಗಿಳಿಸುವುದೆಂದು ನಿಶ್ಚಯ. ಹೋಟೆಲಿನವರಿಗೆ ಆಯುಧಪೂಜೆ ತಮಾಷೆಯಲ್ಲ. ಗ್ರೈಂಡರು, ಬಾಯ್ಲರು, ಹಿತ್ತಾಳೆಯ ಕಾಫಿ ಫಿಲ್ಟರು ಎಲ್ಲವನ್ನೂ ಹುಣಸೆಹುಳಿ ಹಾಕಿ ಫಳಫಳ ಬೆಳಗಿ, ಕುಂಕುಮ ಇಟ್ಟು, ಹೂ ಮುಡಿಸುತ್ತೇವೆ. ಆ ಮೇಲೆ ಯಾರೂ ಮುಟ್ಟುವಂತಿಲ್ಲ. ಅದೇ ಅಭ್ಯಾಸದಲ್ಲಿ ಡಬ್ಬಿಯಲ್ಲಿ ಹುಣಸೆಹುಳಿ ತುಂಬಿಕೊಂಡು ಹೋಗಿದ್ದೆ. ದೋಣಿ ದಡದಲ್ಲಿದೆಯೆಂಬ ಧೈರ್ಯದಲ್ಲಿ ಮೊದಲ ಸಲ ತಳಕ್ಕೆ ಕೈ ಹಾಕಿದೆ. ಅಡ್ಡ ಬರುತ್ತಿದ್ದ ಬೆಣೆಗಳನ್ನು ಬಿಚ್ಚಿ ಪೂಜೆಯ ಚೀಲಕ್ಕೆ ಹಾಕಿದೆ. ತಿಕ್ಕಿದೆ. ಹಸಿರು ಕಿಲುಬು ಹೋಯಿತು. ಅಡಿಯಿಂದ ಕೆಂಪು ಬಂತು.

ಹುಣಸೆಹುಳಿಗೆ ಹಾಗೆ ಹೊಳೆಯುತ್ತಿರಬೇಕು ಎಂದುಕೊಂಡೆ. ಉಗುರಿನಿಂದ ಕೆರೆದೆ — ರಸ್ಕಿನ ಪುಡಿಯ ಹಾಗೆ ಚೂರು ಉದುರಿ ಅಂಗೈಗೆ ಬಿತ್ತು. ಇನ್ನೊಂದೂ ಕೆಂಪು. ಮತ್ತೊಂದೂ. ಅಯ್ಯೋ ದೇವರೇ, ಮೂರೂ. ಮೇಲೆ ಬಸಣ್ಣ ತೆಂಗಿನಕಾಯಿ ಹಿಡಿದುಕೊಂಡು, "ಆತೇನ್ರಿ ಶೆಟ್ಟರ?" ಎಂದು ಕೂಗಿದರು. ಹೇಳಬಹುದಿತ್ತು. ಹೇಳಿದರೆ, ಇಷ್ಟು ದಿನ ನೋಡಿದ್ದು ಏನು ಎಂದು ಕೇಳುತ್ತಾರೆ. ನೋಡಿಯೇ ಇಲ್ಲ, ಹೆದರಿಕೆ, ಸಮುದ್ರದ ಮನುಷ್ಯನೇ ಅಲ್ಲ ನಾನು... ಕೆಂಪಿನ ಮೇಲೆ ಕೆಂಪು ಮೆತ್ತಿದೆ. ದಪ್ಪಗೆ, ಮೂರಕ್ಕೂ. ಮೇಲೊಂದು ಸೇವಂತಿಗೆ ಇಟ್ಟೆ. ಪೂಜೆಗಿಟ್ಟದ್ದನ್ನು ಯಾರೂ ತಿಕ್ಕಿ ನೋಡುವುದಿಲ್ಲವೆಂದು ಗೊತ್ತಿತ್ತು. ಬೆಣೆಗಳಿದ್ದ ಚೀಲವನ್ನು ಅಲ್ಲೇ ಒಳಗೆ ಒಂದು ಮೂಲೆಗೆ ತಳ್ಳಿ, "ಆಯ್ತು" ಎಂದೆ.

ಮುಂದಿನ ವಾರ ಹಿನ್ನೀರು ದಾಟಿ ಹೊರಗೆ ಹೋದೆವು. ಚಂದದ ಗಾಳಿ, ಹೊಟ್ಟೆ ತುಂಬಿದ ಹಾಯಿ, ಬಸಣ್ಣ ಮಗುವಿನ ಹಾಗೆ ನಗುತ್ತಿದ್ದರು. ನಾನು ಕಂಬ ತಬ್ಬಿಕೊಂಡು ಕೂತಿದ್ದೆ. ಚಾ ಕುಡಿದಾಯಿತು. ಲೋಟ ತೊಳೆಯಲಿಕ್ಕೆಂದು ಬಸಣ್ಣ ಒಳಗಿಳಿದು ಅಡಿಗೆಕಟ್ಟೆಯ ವಾಲ್ವು ತಿರುಗಿಸಿದರು. ಅದು ಬುಡಸಮೇತ ಕೈಗೆ ಬಂತು.

ಆ ಶಬ್ದ — ನೀರಿನದ್ದು — ಈಗಲೂ ಹೋಟೆಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟರೆ ನನ್ನ ಬೆನ್ನು ತಣ್ಣಗಾಗುತ್ತದೆ. ಬಸಣ್ಣ ಅಂಗೈಯನ್ನೇ ತೂತಿಗೆ ಒತ್ತಿ ಹಿಡಿದರು. ಮುರಿದ ಹಿತ್ತಾಳೆಯ ಅಂಚು ಕೈಯನ್ನು ಕೊಯ್ಯುತ್ತಿತ್ತು, ನೀರು ಕೆಂಪಾಗುತ್ತಿತ್ತು. ಗೀತಾ ಬಕೆಟ್ಟಿನಲ್ಲಿ ಎತ್ತಿ ಚೆಲ್ಲುತ್ತಾ, "ಅಂಕಲ್, ಬರ್ರಿ! ಅಂಕಲ್!" ಎಂದು ಕಿರುಚುತ್ತಿದ್ದಳು. ಬೆಣೆ ಎಲ್ಲಿದೆಯೆಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಬಾಯಿ ತೆರೆಯಲಿಕ್ಕೆ ಆಗಲಿಲ್ಲ. ಕಂಬ ಬಿಡಲಿಕ್ಕೆ ಆಗಲಿಲ್ಲ. ಕೊನೆಗೆ ಪೂಜೆಯ ಚೀಲ ತಾನಾಗಿ ತೇಲಿಬಂದು ಗೀತಾಳ ಕಾಲಿಗೆ ತಾಗಿತು. ಅವಳು ಅದರಿಂದ ಬೆಣೆ ತೆಗೆದು, ಬಾಣಲೆಯ ತಳದಿಂದ ಹೊಡೆದು ಕೂರಿಸಿದಳು.

ನೀರು ನಿಂತಿತು. ಎಲ್ಲರೂ ಏದುಸಿರು ಬಿಡುತ್ತಿದ್ದೆವು. ಆಗ, ಅಷ್ಟು ಹೊತ್ತು ಹೊರಡದಿದ್ದ ನನ್ನ ಧ್ವನಿ ಹೊರಟಿತು:

"ಎಂತ ಮಾಡಿದ್ರಿ ಬಸಣ್ಣ! ಅಷ್ಟು ಜೋರು ತಿರುಗಿಸುವುದಾ?"

ಅವರು ರಕ್ತ ಸುರಿಯುವ ತಮ್ಮ ಕೈಯನ್ನು ನೋಡಿಕೊಂಡರು. "ತಪ್ಪಾತ್ರಿ ಶೆಟ್ಟರ" ಎಂದರು. "ನನ್ನ ಕೈ ಭಾಳ ಒರಟ ಅದ."

ದಡಕ್ಕೆ ಬಂದ ಮೇಲೆ ಅಲ್ಲಿಯ ದೋಣಿ ದುರಸ್ತಿಯ ಮೇಸ್ತ್ರಿ ಅದೊಂದು ವಾಲ್ವು ಹೊಸದು ಹಾಕಿ, ಉಳಿದೆರಡನ್ನೂ ಬಿಚ್ಚಿ ನೋಡಲೇ ಎಂದು ಕೇಳಿದ. ಬಸಣ್ಣ ನನ್ನ ಮುಖ ನೋಡಿದರು. ಬಿಚ್ಚಿದರೆ ಗುಟ್ಟು ಹೊರಬೀಳುತ್ತದೆ. "ಬೇಡ, ಅವು ಗಟ್ಟಿ ಉಂಟು" ಎಂದೆ. ಮತ್ತೆ ಮತ್ತೆ ಹೇಳುವಾಗ ಸುಳ್ಳು ಎಷ್ಟು ಸಲೀಸು!

ದೋಣಿ ದಡದ ಮೇಲೇ ಉಳಿಯಿತು. ಬಸಣ್ಣ ಮತ್ತೆ ಹತ್ತಲಿಲ್ಲ. ಮಾರಲಿಕ್ಕೆ ಗೀತಾ ಬಿಡಲಿಲ್ಲ. ನನಗೆ ಒಳಗೊಳಗೇ ಸಮಾಧಾನ. ಪ್ರತಿ ದಸರೆಗೂ ಹೋಗಿ, ಮಾಸಿದ ಕುಂಕುಮದ ಮೇಲೆ ಹೊಸ ಕುಂಕುಮ ಇಟ್ಟು ಬರುತ್ತಿದ್ದೆ. ಆದರೆ ಬಸಣ್ಣ... ಹೋಟೆಲಿನ ಮೇಜು ಮೇಜಿಗೂ ಅವರು ತಾವಾಗಿ ಹೇಳಿದರು, ನನ್ನ ಕೈಯಿಂದ ಮಗಳು ಸಾಯತಿದ್ಲು, ಹ್ಯಾಂಗೋ ಉಳಿದ್ಲು ಅಂತ. ತಾರಸಿ ಸೋರದ ಹಾಗೆ ಹಚ್ಚುವ ಕೊನೆಯ ಲೇಪವನ್ನು ಈಗ ಅವರು ತಮ್ಮ ಕೈಯಿಂದ ಹಚ್ಚುವುದಿಲ್ಲ, ಆಳುಗಳಿಗೆ ಬಿಡುತ್ತಾರೆ. ನನ್ನ ಹೋಟೆಲಿನಲ್ಲಿ ಕೈ ತೊಳೆಯುವಾಗ ನಲ್ಲಿಯನ್ನು ಎರಡು ಬೆರಳಿನ ತುದಿಯಿಂದ, ಹೆದರಿ ಹೆದರಿ ತಿರುಗಿಸುತ್ತಾರೆ. ದಿನಾ ನೋಡುತ್ತಿದ್ದೆ. ನೋಡಿಯೂ ಚಿಲ್ಲರೆ ಎಣಿಸುತ್ತಿದ್ದೆ.

ಈ ವರ್ಷ ಗೀತಾ ಹಟ ಹಿಡಿದಳು. ದೋಣಿ ಗೋವಾ ತನಕ ಹೋಗಬೇಕು, ಅಪ್ಪನನ್ನೂ ಕೂರಿಸಿಕೊಂಡೇ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಹೇಳಬೇಕು, ನಾಳೆ ಹೇಳಬೇಕು, ದಸರೆಗೆ ಹೋದಾಗ ಹೇಳಿದರಾಯಿತು... ದಸರೆಯ ದಿನ ಹೋಟೆಲಿನ ಪೂಜೆ ಮುಗಿಸಿ ಹೊರಡಬೇಕು ಎನ್ನುವಾಗ ಬಸಣ್ಣನ ಫೋನು ಬಂತು. ಅಪ್ಪ ಮಗಳು ಮುಂಚೆಯೇ ಹೋಗಿಬಿಟ್ಟಿದ್ದರು. ಉಬ್ಬರಕ್ಕೆ ದೋಣಿ ಇಳಿಸುತ್ತಾರಂತೆ.

"ಈ ಸಲ ಕುಂಕುಮ ನಾನ ಹಚ್ಚೀನ್ರಿ ಶೆಟ್ಟರ, ನೀವು ಹಚ್ಚತಿದ್ರಲ್ಲ, ಹಂಗ. ಹೆದರಬ್ಯಾಡ್ರಿ, ಬೆರಳ ತುದೀಲೆ ಹಚ್ಚೀನಿ."

ಆಗಷ್ಟೇ ಪೂಜೆ ಮಾಡಿದ ಗ್ರೈಂಡರು ಹಿಡಿದುಕೊಂಡೆ.

"ಬಸಣ್ಣ, ಆ ಕುಂಕುಮ ಒರೆಸಿ."

"ಪೂಜಾದ್ದು ರೀ! ಒರಸಬಾರದು."

"ಒರೆಸಿ. ಒರೆಸಿ ತಿಕ್ಕಿ ನೋಡಿ."

ಬಹಳ ಹೊತ್ತು ಬಟ್ಟೆ ಉಜ್ಜುವ ಸದ್ದು. ಆಮೇಲೆ, "ಕೆಂಪ ಅದ್ರಿ" ಎಂದರು. ಆಗ ಹೇಳಿದೆ. ಅದು ಸತ್ತ ಹಿತ್ತಾಳೆ, ಅವತ್ತಿನದ್ದೂ ಹಾಗೇ ಇತ್ತು, ಯಾರು ಮುಟ್ಟಿದರೂ ಮುರಿಯುತ್ತಿತ್ತು, ನಿಮ್ಮ ಕೈಯ ತಪ್ಪಲ್ಲ, ನನಗೆ ಮೊದಲೇ ಗೊತ್ತಿತ್ತು. ಎಲ್ಲ ಒಂದೇ ಉಸಿರಿಗೆ.

"ಅವತ್ತು ನನ್ನ ಮಗಳು ದೋಣ್ಯಾಗ ಇದ್ಲು" ಎಂದರು ಬಸಣ್ಣ. ಅಷ್ಟೇ. ಫೋನು ಇಟ್ಟರು.

ದೋಣಿ ನೀರಿಗಿಳಿದಿಲ್ಲವೆಂದು ಮೇಸ್ತ್ರಿಯಿಂದ ತಿಳಿಯಿತು. ಇಂದು ಬೆಳಿಗ್ಗೆ ಬಸಣ್ಣ ಕಾಫಿಗೆ ಬರಲಿಲ್ಲ. ನಾನು ಸ್ವಾರಗೇಟಿಗೆ ಹೋಗಿ ಕೊಂಕಣದ ಬಸ್ಸು ಹಿಡಿಯುತ್ತೇನೆ. ಆ ಎರಡು ವಾಲ್ವನ್ನು ಅವರ ಎದುರಿಗೆ ನಾನೇ ತಳಕ್ಕಿಳಿದು ಬಿಚ್ಚಬೇಕು. ಅವರ ಮುಖ ನೋಡಲಿಕ್ಕೆ ಸಮುದ್ರಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿದೆ. ಮರಳಿದ ಮೇಲೆ ಹೋಟೆಲಿನ ಮೇಜು ಮೇಜಿಗೂ ಹೋಗಿ ಇದನ್ನೇ ಹೇಳಬೇಕು. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಅವರು ಇನ್ನು ನನ್ನ ಹೋಟೆಲಿಗೆ ಕಾಲಿಡದಿದ್ದರೂ ಸರಿ. ಎಲ್ಲಿಯಾದರೂ, ಯಾರ ಮನೆಯ ನಲ್ಲಿಯನ್ನಾದರೂ, ಬಸಣ್ಣ ಇಡೀ ಕೈ ಹಾಕಿ ತಿರುಗಿಸಲಿ.